ಅಂಕಲ್ ಟುಪೆಲೊ: ಪಂಕ್ ಗಿಟಾರ್, ಹಳೇ ಜನಪದ ಹಾಡು ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಳೇ ಹಾಡುಗಳ ಮಾತು ಬಂದಾಗಲೆಲ್ಲ ನಾನು ಅಂಕಲ್ ಟುಪೆಲೊ ಹೆಸರು ಎತ್ತುತ್ತೇನೆ. ಆಗ ಗೆಳೆಯರು ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಯಾರೇ ಕೇಳಲಿ, ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಎಲ್ಲಕ್ಕೂ ಒಂದೇ ಕಡೆ ಉತ್ತರ ಇರಲಿ ಅಂತ ಕೂತು ಬರೆದಿದ್ದೇನೆ. ಪಾಶ್ಚಾತ್ಯ ಸಂಗೀತದ ಪರಿಚಯ ಇಲ್ಲದವರೂ ಓದಬಹುದು.

ಅಂಕಲ್ ಟುಪೆಲೊ ಅಂದರೆ ಯಾರು?

ಅಮೆರಿಕದ ಇಲಿನಾಯ್ ರಾಜ್ಯದ ಬೆಲ್‌ವಿಲ್ ಅನ್ನುವ ಊರಿನ ಮೂವರು ಹುಡುಗರು 1987ರಲ್ಲಿ ಕಟ್ಟಿದ ಬ್ಯಾಂಡ್. ಜೇ ಫರಾರ್ ಗಿಟಾರ್ ನುಡಿಸಿ ಹಾಡುತ್ತಿದ್ದರು. ಜೆಫ್ ಟ್ವೀಡಿ ಬೇಸ್ ಗಿಟಾರ್ ನುಡಿಸುತ್ತಿದ್ದರು, ಅವರೂ ಹಾಡುತ್ತಿದ್ದರು. ಮೈಕ್ ಹೈಡಾರ್ನ್ ಕೈಯಲ್ಲಿ ಡ್ರಮ್ಸ್. ಏಳು ವರ್ಷ ಇದ್ದರು, ನಾಲ್ಕು ಆಲ್ಬಂ ಮಾಡಿದರು, 1994ರ ಮೇ 1ರಂದು ಕೊನೆಯ ಕಾರ್ಯಕ್ರಮ ಕೊಟ್ಟು ಮುಗಿಸಿದರು.

ಇದ್ದಷ್ಟು ದಿನ ಅವರೇನೂ ದೊಡ್ಡ ಹೆಸರಲ್ಲ. ಆದರೆ ಇವತ್ತು ‘ಆಲ್ಟರ್ನೇಟಿವ್ ಕಂಟ್ರಿ’ ಅಂತ ಕರೆಯುವ ಸಂಗೀತದ ಕಥೆ ಹೇಳಲು ಹೊರಟರೆ ಇವರಿಂದಲೇ ಶುರು ಮಾಡುವವರು ಜಾಸ್ತಿ.

ಹೆಸರು ವಿಚಿತ್ರವಾಗಿದೆ ಅಲ್ವಾ? ಏನಿದರ ಅರ್ಥ?

ಅರ್ಥ ಅಂತ ಏನೂ ಇಲ್ಲ. ಗೆಳೆಯರೊಬ್ಬರು ವಯಸ್ಸಾದ, ದಪ್ಪಗಿನ ಎಲ್ವಿಸ್ ಪ್ರೀಸ್ಲಿಯಂಥ ಒಂದು ವ್ಯಂಗ್ಯಚಿತ್ರ ಬಿಡಿಸಿದ್ದರು. ಆ ಪಾತ್ರದ ಹೆಸರೇ ಅಂಕಲ್ ಟುಪೆಲೊ. ಟುಪೆಲೊ ಎಲ್ವಿಸ್ ಹುಟ್ಟಿದ ಊರು, ಮಿಸಿಸಿಪಿ ರಾಜ್ಯದಲ್ಲಿದೆ. ಅದಕ್ಕೂ ಮೊದಲು ಈ ಹುಡುಗರು ‘ದ ಪ್ರಿಮಿಟಿವ್ಸ್’ ಅನ್ನುವ ಹೆಸರಲ್ಲಿ ಹಾಡಿ ನುಡಿಸುತ್ತಿದ್ದರು. ಅದೇ ಹೆಸರಿನ ಬ್ರಿಟಿಷ್ ಬ್ಯಾಂಡ್ ಒಂದು ಇದ್ದುದರಿಂದ ಹೆಸರು ಬದಲಾಯಿಸಬೇಕಾಯಿತು.

ಬೆಲ್‌ವಿಲ್ ಅಂಥ ವಿಶೇಷ ಊರಾ?

ನೋಡುವುದಕ್ಕೆ ಏನೂ ವಿಶೇಷ ಇಲ್ಲ. ವಿಶೇಷ ಇಲ್ಲದಿರುವುದೇ ಇಲ್ಲಿ ಮುಖ್ಯ. ಮಿಸಿಸಿಪಿ ನದಿಯ ಆಚೆ ದಡದಲ್ಲಿ ಸೇಂಟ್ ಲೂಯಿಸ್ ಅನ್ನುವ ದೊಡ್ಡ ನಗರ. ಈಚೆಗೆ ಸುಮಾರು 25–30 ಕಿಲೋಮೀಟರ್ ದೂರದಲ್ಲಿ ಬೆಲ್‌ವಿಲ್. ಒಂದು ಕಾಲಕ್ಕೆ ಸುತ್ತಮುತ್ತ ಕಲ್ಲಿದ್ದಲ ಗಣಿಗಳಿದ್ದವು. ಒಲೆ ತಯಾರಿಸುವ ಎರಕದ ಕಾರ್ಖಾನೆಗಳಿದ್ದವು, ಬಿಯರ್ ಕಾರ್ಖಾನೆ ಇತ್ತು. ಈ ಹುಡುಗರು ಬೆಳೆಯುವ ಹೊತ್ತಿಗೆ ಅವೆಲ್ಲ ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಸ್ಟ್ಯಾಗ್ ಬಿಯರ್ ಮಾಡುತ್ತಿದ್ದ ಕಾರ್ಖಾನೆ 1988ರಲ್ಲಿ ಮುಚ್ಚಿತು.

ಕೆಲಸ ಇದ್ದವರಿಗೆ ರಾತ್ರಿ ಪಾಳಿ. ಕೆಲಸ ಇಲ್ಲದವರಿಗೆ ಬಾರ್. ಹುಡುಗರಿಗೆ ಮಾಡಲಿಕ್ಕೇ ಏನಿಲ್ಲ. ಇವರ ಮೊದಲ ಎರಡು ಆಲ್ಬಂಗಳಲ್ಲಿ ಇರುವುದೆಲ್ಲ ಇದೇ. ಫ್ಯಾಕ್ಟರಿಯ ಬೆಲ್ಟ್, ರಾತ್ರಿ ಪಾಳಿ, ವಿಸ್ಕಿ ಬಾಟಲಿ, ಊರು ಬಿಟ್ಟು ಹೋಗಬೇಕು ಅನ್ನುವ ಆಸೆ, ಹೋಗಲಾಗದ ಸಂಕಟ.

ಫರಾರ್ ಮತ್ತು ಟ್ವೀಡಿ ಹೈಸ್ಕೂಲಿನಲ್ಲಿ ಒಂದೇ ಇಂಗ್ಲಿಷ್ ತರಗತಿಯಲ್ಲಿ ಸಿಕ್ಕವರು. ತಮಗೆ ಇಷ್ಟವಾದ ಸಂಗೀತ ಇಷ್ಟಪಡುವ ಇನ್ನೊಬ್ಬ ಅಷ್ಟು ಚಿಕ್ಕ ಊರಲ್ಲಿ ಸಿಗುವುದು ಅಂದರೆ ಏನು ಅಂತ ಯೋಚಿಸಿ. ಫರಾರ್ ಮನೆಯಲ್ಲಿ ಹಾಡು ಮೊದಲಿನಿಂದಲೂ ಇತ್ತು. ಅಪ್ಪ ಅಕಾರ್ಡಿಯನ್ ನುಡಿಸುತ್ತಿದ್ದರು, ಅಣ್ಣಂದಿರು ಬ್ಯಾಂಡ್ ಕಟ್ಟಿದ್ದರು. ಟ್ವೀಡಿ ಮುಂದೆ ಸೇಂಟ್ ಲೂಯಿಸ್‌ನ ರೆಕಾರ್ಡ್ ಅಂಗಡಿಯೊಂದರಲ್ಲಿ ಕೆಲಸ ಮಾಡಿದರು. ಹಳೇ ರೆಕಾರ್ಡುಗಳ ರಾಶಿಯ ನಡುವೆ ಕೂತು ಕೇಳಿದವರು ಅವರು.

‘ಕಂಟ್ರಿ’ ಗೊತ್ತು. ‘ಆಲ್ಟರ್ನೇಟಿವ್ ಕಂಟ್ರಿ’ ಅಂದರೇನು?

1980ರ ದಶಕದಲ್ಲಿ ಕಂಟ್ರಿ ಅಂದರೆ ನ್ಯಾಶ್‌ವಿಲ್‌ನ ದೊಡ್ಡ ಕಂಪನಿಗಳ ಸಂಗೀತ. ಅಗಲ ಟೋಪಿ, ಹೊಳೆಯುವ ಬೂಟು, ರೇಡಿಯೊಗೆ ತಕ್ಕಂತೆ ನಯ ಮಾಡಿದ ಹಾಡು. ಅದರ ಬೇರು ಮಾತ್ರ ಬೇರೆ ಕಡೆ ಇತ್ತು. ಅಪಲೇಶಿಯನ್ ಬೆಟ್ಟಗಳ ಬಡ ರೈತರು, ಗಣಿ ಕೂಲಿಗಳು, ಚರ್ಚಿನಲ್ಲಿ ಕೂತು ಒಟ್ಟಿಗೆ ಹಾಡುತ್ತಿದ್ದವರು, ಇವರ ಬಾಯಲ್ಲಿ ಬೆಳೆದ ಹಾಡು ಅದು. ಆ ಬೇರಿಗೆ ವಾಪಸ್ ಹೋಗಿ, ಆದರೆ ತಮ್ಮ ಕಾಲದ ಗಿಟಾರ್ ಸದ್ದನ್ನು ಬಿಡದೆ ಹಾಡಿದವರ ಸಂಗೀತಕ್ಕೆ ಆಲ್ಟರ್ನೇಟಿವ್ ಕಂಟ್ರಿ ಅಂತ ಹೆಸರು ಬಿತ್ತು. ಚಿಕ್ಕದಾಗಿ ‘ಆಲ್ಟ್ ಕಂಟ್ರಿ’ ಅನ್ನುತ್ತಾರೆ.

ಪಂಕ್ ಮತ್ತು ಜನಪದ, ಎರಡೂ ಹೇಗೆ ಸೇರುತ್ತವೆ? ಒಂದು ಕಿರುಚಾಟ, ಇನ್ನೊಂದು ಅಜ್ಜಿ ಹಾಡು ಅಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ.

ಪಂಕ್ ಹಾಡಿಗೆ ಏನು ಬೇಕು? ಮೂರು ಕಾರ್ಡ್ (ಗಿಟಾರಿನಲ್ಲಿ ಒಟ್ಟಿಗೆ ಮೀಟುವ ಸ್ವರಗಳ ಗುಂಪು), ಒಂದು ಗಟ್ಟಿ ದನಿ, ಹೇಳಲೇಬೇಕಾದ ಮಾತು. ದೊಡ್ಡ ವಿದ್ವತ್ತು ಬೇಡ, ದುಬಾರಿ ಸ್ಟುಡಿಯೊ ಬೇಡ. ಬೆಟ್ಟದ ಹಳೇ ಹಾಡಿಗೆ ಏನು ಬೇಕು? ಅದೇ ಮೂರು ಕಾರ್ಡ್, ಅದೇ ದನಿ, ಅದೇ ಮಾತು. ಎರಡರಲ್ಲೂ ಹಾಡುವವರು ಸಾಮಾನ್ಯ ಜನ. ಎರಡರಲ್ಲೂ ಸಾವು, ಸಾಲ, ಕುಡಿತ, ಮಾಲೀಕನ ಮೇಲಿನ ಸಿಟ್ಟು ನೇರವಾಗಿ ಬರುತ್ತವೆ. ಅಂಕಲ್ ಟುಪೆಲೊ ಹುಡುಗರು ಎರಡನ್ನು ತಂದು ಕಲಸಿದರು ಅಂತ ಬಹಳ ಜನ ಬರೆಯುತ್ತಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಎರಡೂ ಮೊದಲಿಂದಲೂ ಒಂದೇ ಮಾತು ಆಡುತ್ತಿದ್ದವು. ಅದನ್ನು ಇವರು ಕೇಳಿಸಿಕೊಂಡರು, ಅಷ್ಟೆ.

ಇನ್ನು ಸದ್ದಿನ ವಿಷಯ. ಕ್ಯಾಲಿಫೋರ್ನಿಯಾದ ಮಿನಟ್‌ಮೆನ್ ಅನ್ನುವ ಪಂಕ್ ಬ್ಯಾಂಡ್ ಅಂದರೆ ಇವರಿಗೆ ಪ್ರಾಣ. ಓಡುವ ಹಾಡನ್ನು ಗಕ್ಕನೆ ನಿಲ್ಲಿಸುವುದು, ಒಂದು ಉಸಿರು ಬಿಟ್ಟು ಮತ್ತೆ ಓಡಿಸುವುದು ಅವರ ರೀತಿ. ಮಿನಟ್‌ಮೆನ್‌ನ ಗಿಟಾರ್ ವಾದಕ ಡಿ. ಬೂನ್ 1985ರ ಡಿಸೆಂಬರಿನಲ್ಲಿ ವ್ಯಾನ್ ಅಪಘಾತದಲ್ಲಿ ತೀರಿಕೊಂಡರು. ಇವರ ಎರಡನೇ ಆಲ್ಬಂನಲ್ಲಿ ಅವರ ಹೆಸರಲ್ಲೇ ಒಂದು ಹಾಡಿದೆ. ಈ ನಿಲ್ಲಿಸಿ ಓಡಿಸುವ ಆಟವನ್ನು ಅಂಕಲ್ ಟುಪೆಲೊ ಕಂಟ್ರಿ ರಾಗಗಳ ಒಳಗೆ ತಂದರು.

‘ವಿಸ್ಕಿ ಬಾಟಲ್’ ಹಾಡನ್ನೇ ತಗೊಳ್ಳಿ. ಚರಣದಲ್ಲಿ ಅಕೂಸ್ಟಿಕ್ ಗಿಟಾರ್, ಅಂದರೆ ಕರೆಂಟು ಬೇಡದ ಗಿಟಾರ್, ಸುಮ್ಮನೆ ಮೀಟುತ್ತಾ ಹೋಗುತ್ತದೆ. ಹಿಂದೆ ಪೆಡಲ್ ಸ್ಟೀಲ್ ಎಳೆಯುತ್ತಿರುತ್ತದೆ. ತಂತಿಯ ಮೇಲೆ ಉಕ್ಕಿನ ಪಟ್ಟಿ ಜಾರಿಸಿ ನುಡಿಸುವ ವಾದ್ಯ ಅದು. ಕಂಟ್ರಿ ಹಾಡಿನ ಅಳು ಬರುವುದು ಬಹಳಷ್ಟು ಅದರಿಂದಲೇ. ಫರಾರ್ ದನಿ ತಗ್ಗಿನಲ್ಲಿದೆ. ಪಲ್ಲವಿ ಬಂದ ಕೂಡಲೇ ಎಲೆಕ್ಟ್ರಿಕ್ ಗಿಟಾರ್ ಗೋಡೆ ಬಿದ್ದಹಾಗೆ ಬೀಳುತ್ತದೆ, ಡ್ರಮ್ಸ್ ಜತೆಗೆ. ಆಮೇಲೆ ಮತ್ತೆ ಎಲ್ಲ ತಣ್ಣಗೆ. ನಾನು ಮೊದಲ ಸಲ ಇದನ್ನು ಕೇಳಿದ್ದು ರಾತ್ರಿ ಬಸ್ಸಿನಲ್ಲಿ. ಚರಣ ಸರಿಯಾಗಿ ಕೇಳಲಿ ಅಂತ ವಾಲ್ಯೂಮ್ ಏರಿಸಿಟ್ಟಿದ್ದೆ. ಪಲ್ಲವಿ ಬಂದಾಗ ಎದೆ ಝಲ್ ಅಂತು. ಆದರೂ ಕೈ ಗುಂಡಿಯತ್ತ ಹೋಗಲಿಲ್ಲ. ಕುಡಿಯುವ ಮನುಷ್ಯನ ಒಳಗೆ ನಡೆಯುವುದೂ ಹೀಗೇ ಅಲ್ವಾ? ಹೊರಗೆ ಸುಮ್ಮನೆ ಕೂತಿರುತ್ತಾನೆ. ಒಳಗೆ ಏನೋ ಕುಸಿಯುತ್ತಿರುತ್ತದೆ.

ಮೊದಲ ಆಲ್ಬಂ ಬಗ್ಗೆ ಹೇಳಿ.

ಹೆಸರು ‘ನೋ ಡಿಪ್ರೆಶನ್’. 1990ರ ಜನವರಿಯಲ್ಲಿ ಬಾಸ್ಟನ್‌ನ ಫೋರ್ಟ್ ಅಪಾಚೆ ಸ್ಟುಡಿಯೊದಲ್ಲಿ ಹತ್ತು ದಿನದಲ್ಲಿ ಮಾಡಿದ್ದು. ಖರ್ಚು 3,500 ಡಾಲರ್. ಆಗ ಟ್ವೀಡಿಗೆ 22, ಫರಾರ್‌ಗೆ 23. ರಾಕ್‌ವಿಲ್ ಅನ್ನುವ ಸಣ್ಣ ಕಂಪನಿ ಅದನ್ನು ಆ ವರ್ಷ ಜೂನ್‌ನಲ್ಲಿ ಬಿಡುಗಡೆ ಮಾಡಿತು.

ಶಾನ್ ಸ್ಲೇಡ್ ಮತ್ತು ಪಾಲ್ ಕೋಲ್ಡರಿ ಧ್ವನಿಮುದ್ರಣ ನೋಡಿಕೊಂಡರು. ಡೈನೊಸಾರ್ ಜೂನಿಯರ್ ಅನ್ನುವ ಅಬ್ಬರದ ಬ್ಯಾಂಡಿನ ಕೆಲಸ ಮಾಡಿದ್ದವರು ಅವರು. ಅದನ್ನು ಕೇಳಿಯೇ ಹುಡುಗರು ಅಷ್ಟು ದೂರ ಅವರನ್ನು ಹುಡುಕಿಕೊಂಡು ಹೋಗಿದ್ದು. ಆ ಬ್ಯಾಂಡಿನ ‘ಬಗ್’ ಆಲ್ಬಂನಲ್ಲಿ ನುಡಿಸಿದ್ದ 1961ರ ಗಿಬ್ಸನ್ ಗಿಟಾರನ್ನೇ ಫರಾರ್ ಇಲ್ಲೂ ನುಡಿಸಿದರು.

ಒಟ್ಟು 13 ಹಾಡು. ‘ಗ್ರೇವ್‌ಯಾರ್ಡ್ ಶಿಫ್ಟ್’ ಅಂದರೆ ರಾತ್ರಿ ಪಾಳಿ, ಆಲ್ಬಂ ಶುರುವಾಗುವುದೇ ಅದರಿಂದ. ‘ಟ್ರೇನ್’ ಹಾಡಿನಲ್ಲಿ ಒಬ್ಬ ಹುಡುಗ ಗೇಟಿನ ಹತ್ತಿರ ನಿಂತು ಸೇನೆಯ ಸಾಮಾನು ಹೊತ್ತ ಗೂಡ್ಸ್ ರೈಲು ಹಾದುಹೋಗುವುದನ್ನು ನೋಡುತ್ತಾನೆ. ತನ್ನನ್ನೂ ಯುದ್ಧಕ್ಕೆ ಕರೆಯುತ್ತಾರಾ ಅನ್ನುವ ಭಯ ಅವನಿಗೆ. ಕೊನೆಯ ಹಾಡು ‘ಜಾನ್ ಹಾರ್ಡಿ’. ಪಶ್ಚಿಮ ವರ್ಜೀನಿಯಾದಲ್ಲಿ ಜೂಜಿನ ಜಗಳದಲ್ಲಿ ಕೊಲೆ ಮಾಡಿ 1894ರಲ್ಲಿ ಗಲ್ಲಿಗೇರಿದ ಮನುಷ್ಯನ ಮೇಲೆ ಜನ ಕಟ್ಟಿದ ಹಾಡು. ಅದನ್ನು ಇವರು ಪಂಕ್ ವೇಗದಲ್ಲಿ ಹೊಡೆದು ಮುಗಿಸುತ್ತಾರೆ. ನೂರು ವರ್ಷ ಹಳೆಯ ಹಾಡು ಅಂತ ಹೇಳದಿದ್ದರೆ ಗೊತ್ತೇ ಆಗುವುದಿಲ್ಲ.

‘ನೋ ಡಿಪ್ರೆಶನ್’ ಅವರೇ ಬರೆದ ಹಾಡಾ? ಮಾನಸಿಕ ಖಿನ್ನತೆ ಬಗ್ಗೆನಾ?

ಎರಡೂ ಅಲ್ಲ. ವರ್ಜೀನಿಯಾದ ಬೆಟ್ಟದ ಕಾರ್ಟರ್ ಕುಟುಂಬದವರು 1936ರಲ್ಲಿ ರೆಕಾರ್ಡ್ ಮಾಡಿದ ಹಾಡು. ಡಿಪ್ರೆಶನ್ ಅಂದರೆ ಇಲ್ಲಿ 1929ರ ನಂತರ ಅಮೆರಿಕವನ್ನು ಹಿಡಿದ ಆರ್ಥಿಕ ಕುಸಿತ. ಬ್ಯಾಂಕ್ ಮುಳುಗಿ, ಕೆಲಸ ಹೋಗಿ, ಊಟಕ್ಕೆ ಸರದಿ ನಿಂತ ಕಾಲ. ಇಲ್ಲಿಯ ಕಷ್ಟ ಅಲ್ಲಿ ಇರುವುದಿಲ್ಲ, ಸ್ವರ್ಗಕ್ಕೆ ಹೋಗುತ್ತೇನೆ ಅನ್ನುತ್ತದೆ ಆ ಹಾಡು.

ಅರ್ಧ ಶತಮಾನದ ಮೇಲೆ, ಕಾರ್ಖಾನೆ ಮುಚ್ಚಿದ ಊರಿನ ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗರು ಅದನ್ನು ಎತ್ತಿಕೊಂಡರು. ಹಳೇ ಹಾಡು ಅಂತ ಆಡಿಕೊಳ್ಳದೆ, ತಮ್ಮದೇ ಅನ್ನುವ ಹಾಗೆ ಹಾಡಿದರು. ಅಕೂಸ್ಟಿಕ್ ಗಿಟಾರ್ ಹಿಡಿದು, ಸ್ವಲ್ಪ ಚುರುಕಾಗಿ, ಅಲಂಕಾರ ಇಲ್ಲದೆ.

ಈ ಥರ ಮಾಡಿದವರಲ್ಲಿ ಇವರೇ ಮೊದಲಿಗರಾ?

ಖಂಡಿತ ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. 1968ರಲ್ಲೇ ಗ್ರಾಮ್ ಪಾರ್ಸನ್ಸ್ ಅನ್ನುವ ಹಾಡುಗಾರ ಬರ್ಡ್ಸ್ ಬ್ಯಾಂಡಿನ ಜತೆ ಸೇರಿ ರಾಕ್ ಹುಡುಗರಿಗೆ ಕಂಟ್ರಿ ಹಾಡಿಸಿದ್ದರು. 1980ರ ದಶಕದಲ್ಲಿ ಜೇಸನ್ ಅಂಡ್ ದ ಸ್ಕಾರ್ಚರ್ಸ್, ರ‍್ಯಾಂಕ್ ಅಂಡ್ ಫೈಲ್, ಲಾಂಗ್ ರೈಡರ್ಸ್ ಅನ್ನುವ ಬ್ಯಾಂಡುಗಳಿದ್ದವು. ಇಂಗ್ಲೆಂಡಿನ ಲೀಡ್ಸ್ ನಗರದ ಪಂಕ್ ಬ್ಯಾಂಡ್ ಮೆಕಾನ್ಸ್ 1985ರಲ್ಲಿ ‘ಫಿಯರ್ ಅಂಡ್ ವಿಸ್ಕಿ’ ಆಲ್ಬಂನಲ್ಲಿ ಫಿಡಲ್ ಇಟ್ಟುಕೊಂಡು ಕಂಟ್ರಿ ಹಾಡಿತ್ತು. ಇವರನ್ನೆಲ್ಲ ಮರೆತು ಅಂಕಲ್ ಟುಪೆಲೊ ಒಬ್ಬರೇ ಶುರು ಮಾಡಿದರು ಅನ್ನುವುದು ತಪ್ಪು.

ಹಾಗಾದರೆ ಶುರು ಮಾಡಿದವರು ಅನ್ನುವ ಹೆಸರು ಇವರಿಗೆ ಯಾಕೆ? ನನಗೆ ಅನ್ನಿಸುವುದು ಇಷ್ಟು. ಹಿಂದಿನವರಲ್ಲಿ ಕೆಲವರು ಕಂಟ್ರಿಯನ್ನು ವೇಷದ ಹಾಗೆ ತೊಟ್ಟಿದ್ದರು, ಟೋಪಿ ಬೂಟು ಸಮೇತ. ಇವರು ಹರಿದ ಜೀನ್ಸ್, ಟೀ ಶರ್ಟಿನಲ್ಲೇ ಹಾಡಿದರು. ಹಾಡಿನ ಒಳಗೆ ಇದ್ದದ್ದು ಟೆಕ್ಸಸ್ ಅಲ್ಲ, ತಮ್ಮ ಊರು. ಅದನ್ನು ಕೇಳಿದ ಬೇರೆ ಚಿಕ್ಕ ಊರುಗಳ ಹುಡುಗರಿಗೆ ನಾವೂ ಹೀಗೆ ಹಾಡಬಹುದು ಅನ್ನಿಸಿತು.

ಎರಡನೇ ಆಲ್ಬಂ?

‘ಸ್ಟಿಲ್ ಫೀಲ್ ಗಾನ್’, 1991ರ ಸೆಪ್ಟೆಂಬರ್. ಸ್ವಲ್ಪ ಒರಟು, ಸ್ವಲ್ಪ ಅವಸರ. ಟ್ವೀಡಿಯ ‘ಗನ್’ ಹಾಡು ಇದರಲ್ಲಿದೆ, ಆಲ್ಬಂ ಶುರುವಾಗುವುದೇ ಅದರಿಂದ. ಮೊದಲ ಆಲ್ಬಂನಲ್ಲಿ ಫರಾರ್ ಪಕ್ಕದಲ್ಲಿ ನಿಂತಿದ್ದ ತಮ್ಮನಂತಿದ್ದ ಟ್ವೀಡಿ ಇಲ್ಲಿ ಸಮಸಮಕ್ಕೆ ಬರುತ್ತಾರೆ.

‘ಮಾರ್ಚ್ 16–20, 1992’ ಇದು ಆಲ್ಬಂ ಹೆಸರಾ? ತಾರೀಖಾ?

ಎರಡೂ. ಸೋಮವಾರ ಶುರು ಮಾಡಿ ಶುಕ್ರವಾರ ಮುಗಿಸಿದರು. ಆ ಐದು ದಿನದ ತಾರೀಖನ್ನೇ ಆಲ್ಬಂಗೆ ಹೆಸರಿಟ್ಟರು. ನನ್ನ ಕೇಳಿದರೆ ಅವರ ಅತ್ಯುತ್ತಮ ಕೆಲಸ ಇದೇ.

ಕಾಲ ಯಾವುದು ನೋಡಿ. 1991ರ ಸೆಪ್ಟೆಂಬರಿನಲ್ಲಿ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಬಂದು ಲಕ್ಷಗಟ್ಟಲೆ ಮಾರಾಟವಾಗಿತ್ತು. ಕಂಪನಿಗಳೆಲ್ಲ ಗಿಟಾರ್ ಅಬ್ಬರಿಸುವ ಹುಡುಗರನ್ನು ಹುಡುಕುತ್ತಿದ್ದವು. ಅಬ್ಬರಿಸುವುದು ಇವರಿಗೆ ಚೆನ್ನಾಗಿ ಬರುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಇವರು ಆಂಪ್ಲಿಫೈಯರ್ ಸ್ವಿಚ್ ಆರಿಸಿ, ಬ್ಯಾಂಜೊ, ಮ್ಯಾಂಡೊಲಿನ್, ಅಕೂಸ್ಟಿಕ್ ಗಿಟಾರ್ ಹಿಡಿದು ಕೂತರು.

ಆರ್.ಇ.ಎಂ. ಬ್ಯಾಂಡಿನ ಗಿಟಾರ್ ವಾದಕ ಪೀಟರ್ ಬಕ್ ಇದಕ್ಕೆ ಜತೆಯಾದರು. ಜಾರ್ಜಿಯಾದ ಆಥೆನ್ಸ್ ಊರಿನಲ್ಲಿ ಇವರ ಕಾರ್ಯಕ್ರಮ ನೋಡಿ ಮೆಚ್ಚಿದ್ದವರು ಅವರು. ಆಗ ಆರ್.ಇ.ಎಂ. ಜಗತ್ತಿನಲ್ಲೇ ದೊಡ್ಡ ಬ್ಯಾಂಡುಗಳಲ್ಲಿ ಒಂದು. ಅಂಥವರು ಈ ಹುಡುಗರನ್ನು ತಮ್ಮ ಮನೆಯಲ್ಲೇ ಉಳಿಸಿಕೊಂಡರು. ಆಲ್ಬಂ ನಿರ್ಮಾಣದ ಕೆಲಸಕ್ಕೆ ದುಡ್ಡು ಮುಟ್ಟಲಿಲ್ಲ. ಧ್ವನಿಮುದ್ರಣ ಅದೇ ಊರಿನ ಜಾನ್ ಕೀನ್ ಸ್ಟುಡಿಯೊದಲ್ಲಿ ನಡೆಯಿತು. ಇವರ ಗಿಟಾರ್ ತಂತಿ ಬಿಗಿದು ಕೊಡುತ್ತಿದ್ದ ಬ್ರಯಾನ್ ಹೆನ್‌ಮನ್ ಕೂಡ ವಾದ್ಯ ಹಿಡಿದು ಕೂತರು. ಅವರು ಮುಂದೆ ಬಾಟಲ್ ರಾಕೆಟ್ಸ್ ಅನ್ನುವ ಒಳ್ಳೆಯ ಬ್ಯಾಂಡ್ ನಡೆಸಿದರು.

ಒಟ್ಟು 15 ಹಾಡು. ಕೆಲವು ಸ್ವಂತದ್ದು, ಕೆಲವು ಜನಪದ. ಜನಪದದಲ್ಲಿ ಹಲವು ‘ಹೈ ಅಟ್ಮಾಸ್ಫಿಯರ್’ ಅನ್ನುವ ಸಂಗ್ರಹದಿಂದ ಬಂದವು. ಜಾನ್ ಕೋಹೆನ್ 1965ರಲ್ಲಿ ವರ್ಜೀನಿಯಾ ಮತ್ತು ಉತ್ತರ ಕ್ಯಾರೊಲಿನಾ ಬೆಟ್ಟಗಳಲ್ಲಿ ಓಡಾಡಿ, ಹಳಬರ ಮನೆಗಳಲ್ಲಿ ಧ್ವನಿಮುದ್ರಿಸಿದ ಹಾಡುಗಳು ಅದರಲ್ಲಿವೆ.

‘ಕೋಲ್‌ಮೈನರ್ಸ್’ ಹಾಡನ್ನು ಗಮನವಿಟ್ಟು ಕೇಳಿ. ಕೆಂಟಕಿ ರಾಜ್ಯದ ಸಾರಾ ಓಗನ್ ಗನ್ನಿಂಗ್ ಅವರ ಹಾಡು ಅದು. ಗಣಿ ಕೂಲಿಯ ಮಗಳು, ಗಣಿ ಕೂಲಿಯ ಹೆಂಡತಿ. ಎಲ್ಲ ಗಣಿ ಕೆಲಸಗಾರರೂ ಬನ್ನಿ, ನನ್ನ ಕಥೆ ಕೇಳಿ ಅಂತ ಕರೆದು, ಮಾಲೀಕರು ಹೇಗೆ ರಕ್ತ ಹೀರಿದರು ಅಂತ ನೇರ ಹೇಳುವ ಹಾಡು. ಫರಾರ್ ಅದನ್ನು ಹಾಡುವಾಗ ದನಿ ಏರಿಸುವುದಿಲ್ಲ. ಒಂದೇ ಸಮ ಹೇಳುತ್ತಾ ಹೋಗುತ್ತಾರೆ. ಕಿರುಚಿದ್ದರೆ ಅಷ್ಟು ತಾಕುತ್ತಿರಲಿಲ್ಲ. ಪಂಕ್ ಅಂದರೆ ಬರೀ ಸದ್ದಲ್ಲ ಅಂತ ನನಗೆ ಅರ್ಥವಾಗಿದ್ದು ಈ ಹಾಡಿನಿಂದ.

ಇನ್ನೊಂದು ‘ಅಟಾಮಿಕ್ ಪವರ್’. ಕಂಟ್ರಿ ಹಾಡುಗಾರರಾದ ಲೂವಿನ್ ಸೋದರರ 1952ರ ಹಾಡು. ಮೇಲಿಂದ ಅಣುಬಾಂಬ್ ಬಿದ್ದ ದಿನ ನೀನು ದೇವರ ಮುಂದೆ ನಿಲ್ಲಲು ಸಿದ್ಧನಿದ್ದೀಯಾ ಅಂತ ಕೇಳುತ್ತದೆ. ಭಜನೆಯಂಥ ಧಾಟಿ, ಒಳಗೆ ಭಯ. ‘ಲಿಲ್ಲಿ ಶುಲ್’ ಹಾಡಿನಲ್ಲಿ ಹೆಣ್ಣೊಬ್ಬಳನ್ನು ಕೊಂದು ನೇಣಿಗೆ ಕಾಯುತ್ತಿರುವವನ ಬಾಯಲ್ಲೇ ಕಥೆ ಬರುತ್ತದೆ. ‘ಸ್ಯಾಂಡಸ್ಕಿ’ಯಲ್ಲಿ ಮಾತೇ ಇಲ್ಲ, ಬರೀ ವಾದ್ಯ. ಇಷ್ಟು ಭಾರದ ನಡುವೆ ಅದು ಬಂದಾಗ ಕಿಟಕಿ ತೆಗೆದ ಹಾಗೆ ಆಗುತ್ತದೆ.

ಅಬ್ಬರದ ಕಾಲದಲ್ಲಿ ಇಷ್ಟು ಮೆಲ್ಲಗೆ ಹಾಡಿದರೆ ಯಾರು ಕೇಳುತ್ತಾರೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಹಿಂದಿನ ಎರಡು ಆಲ್ಬಂಗಳಿಗಿಂತ ಇದೇ ಜಾಸ್ತಿ ಮಾರಾಟವಾಯಿತು.

ಡ್ರಮ್ಸ್ ನುಡಿಸುತ್ತಿದ್ದ ಮೈಕ್ ಯಾಕೆ ಬಿಟ್ಟರು?

ಜಗಳ ಏನಿಲ್ಲ. ಅವರಿಗೆ ಒಂದು ಕಡೆ ನೆಲೆ ನಿಂತು ಸಂಸಾರ ಮಾಡಬೇಕಿತ್ತು. ತಿಂಗಳುಗಟ್ಟಲೆ ವ್ಯಾನಿನಲ್ಲಿ ಊರೂರು ಸುತ್ತುವ ಬದುಕಿಗೆ ಅದು ಹೊಂದುತ್ತಿರಲಿಲ್ಲ. 1992ರಲ್ಲಿ ಹೊರಬಂದರು. ಮುಂದೆ ಆ ಜಾಗಕ್ಕೆ ಕೆನ್ ಕೂಮರ್ ಬಂದರು. ಬೇಸ್ ಗಿಟಾರಿಗೆ ಜಾನ್ ಸ್ಟಿರಾಟ್, ಫಿಡಲ್ ಮತ್ತು ಮ್ಯಾಂಡೊಲಿನ್‌ಗೆ ಮ್ಯಾಕ್ಸ್ ಜಾನ್‌ಸ್ಟನ್ ಸೇರಿ ಮೂವರ ಬ್ಯಾಂಡ್ ಐವರದ್ದಾಯಿತು.

ಕೊನೆಯ ಆಲ್ಬಂ ‘ಆನೊಡೈನ್’ ಯಾಕೆ ಅಷ್ಟು ಹೆಸರುವಾಸಿ?

ಆನೊಡೈನ್ ಅಂದರೆ ನೋವು ಕಡಿಮೆ ಮಾಡುವ ಮದ್ದು. 1993ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಧ್ವನಿಮುದ್ರಿಸಿದ್ದು. ಆ ವರ್ಷ ಅಕ್ಟೋಬರಿನಲ್ಲಿ ಸೈರ್ ಅನ್ನುವ ದೊಡ್ಡ ಕಂಪನಿಯಿಂದ ಹೊರಬಂತು. ಬ್ರಯಾನ್ ಪಾಲ್ಸನ್ ನಿರ್ಮಾಪಕರು. ಒಬ್ಬೊಬ್ಬರೇ ಬಂದು ತಮ್ಮ ಭಾಗ ನುಡಿಸಿ ಆಮೇಲೆ ಜೋಡಿಸುವ ರೀತಿ ಬಿಟ್ಟು, ಐವರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿದರು. ಕೇಳುವಾಗ ಅದು ಗೊತ್ತಾಗುತ್ತದೆ. ಫಿಡಲ್ ಎಲ್ಲೋ ಹಿಂದೆ ಬೇರೆ ಇಲ್ಲ, ಗಿಟಾರ್ ಪಕ್ಕದಲ್ಲೇ ಉಸಿರಾಡುತ್ತದೆ.

ಇದರಲ್ಲಿ ಪಂಕ್ ಯಾವುದು, ಜನಪದ ಯಾವುದು ಅಂತ ಬೇರ್ಪಡಿಸಲಿಕ್ಕೆ ಆಗುವುದಿಲ್ಲ. ಫರಾರ್‌ನ ‘ಚಿಕಮಾಗ’ ಹಾಡಿಗೆ ಅಮೆರಿಕದ ಅಂತರ್ಯುದ್ಧದ 1863ರ ರಕ್ತಪಾತದ ಕದನದ ಹೆಸರು. ಒಳಗೆ ಇರುವುದು ಇಬ್ಬರ ಸಂಬಂಧ ಮುರಿಯುವ ಕಥೆ. ಕೊನೆಯಲ್ಲಿ ಗಿಟಾರ್ ಹಾಡನ್ನೇ ನುಂಗಿಬಿಡುತ್ತದೆ. ಟ್ವೀಡಿಯ ‘ನ್ಯೂ ಮ್ಯಾಡ್ರಿಡ್’ ಬ್ಯಾಂಜೊ ಮೇಲೆ ಹಗುರವಾಗಿ ಕುಣಿಯುತ್ತದೆ. ಮಿಸೌರಿಯ ನ್ಯೂ ಮ್ಯಾಡ್ರಿಡ್ ಸುತ್ತ 1811–12ರಲ್ಲಿ ಭಾರೀ ಭೂಕಂಪಗಳಾಗಿದ್ದವು. 1990ರ ಡಿಸೆಂಬರಿನಲ್ಲಿ ಮತ್ತೆ ಆಗುತ್ತದೆ ಅಂತ ಒಬ್ಬರು ಭವಿಷ್ಯ ಹೇಳಿ, ಜನ ಹೆದರಿ, ಶಾಲೆಗಳಿಗೆ ರಜೆ ಕೊಟ್ಟು, ಕೊನೆಗೆ ಏನೂ ಆಗಲಿಲ್ಲ. ಆ ಆಗದ ಭೂಕಂಪವನ್ನು ಟ್ವೀಡಿ ಪ್ರೀತಿಯ ಹಾಡು ಮಾಡಿದರು. ಟೆಕ್ಸಸ್‌ನ ಹಿರಿಯ ಹಾಡುಗಾರ ಡಗ್ ಸಾಮ್ ಬಂದು ತಮ್ಮದೇ ಒಂದು ಹಾಡನ್ನು ಇವರ ಜತೆ ಹಾಡಿದ್ದಾರೆ.

ಇಷ್ಟು ಚೆನ್ನಾಗಿ ನಡೀತಿತ್ತು. ಮತ್ಯಾಕೆ ಒಡೆದುಹೋಯಿತು?

ಇದನ್ನು ಹೇಳುವಾಗ ನನಗೆ ಈಗಲೂ ಬೇಜಾರಾಗುತ್ತದೆ. ಹದಿನಾಲ್ಕು ಹದಿನೈದು ವಯಸ್ಸಿನಿಂದ ಜತೆಗಿದ್ದ ಇಬ್ಬರು ಗೆಳೆಯರು ಮಾತು ಬಿಟ್ಟರು. ಶುರುವಿನಲ್ಲಿ ಹಾಡು ಕಟ್ಟುವವರು ಹೆಚ್ಚಾಗಿ ಫರಾರ್. ವರ್ಷ ಕಳೆದ ಹಾಗೆ ಟ್ವೀಡಿ ಬೆಳೆದರು. ಒಂದು ಬ್ಯಾಂಡಿನಲ್ಲಿ ಎರಡು ಬ್ಯಾಂಡಾಯಿತು. ಇಬ್ಬರೂ ಜಾಸ್ತಿ ಮಾತಾಡುವವರಲ್ಲ, ಅದರಲ್ಲೂ ಫರಾರ್ ತೀರಾ ಮೌನಿ. ಮನಸ್ಸಿನಲ್ಲಿ ಇದ್ದದ್ದು ಹೊರಗೆ ಬರಲೇ ಇಲ್ಲ.

1994ರ ಜನವರಿಯಲ್ಲಿ ಫರಾರ್ ಬ್ಯಾಂಡಿನ ಮ್ಯಾನೇಜರ್‌ಗೆ ಫೋನ್ ಮಾಡಿ, ನಾನು ಬಿಡುತ್ತೇನೆ ಅಂದರು. ಟ್ವೀಡಿಗೆ ವಿಷಯ ಗೊತ್ತಾಗಿದ್ದು ಮ್ಯಾನೇಜರ್ ಬಾಯಿಂದ. ಬ್ಯಾಂಡಿನ ಮೇಲೆ ಇದ್ದ ಸಾಲ ತೀರಲಿ ಅಂತ ಇನ್ನೊಂದು ಸುತ್ತು ಪ್ರವಾಸ ಮಾಡಿದರು. ಆ ಪ್ರವಾಸದಲ್ಲಿ ಟ್ವೀಡಿ ಹಾಡುವಾಗ ಫರಾರ್ ದನಿಗೂಡಿಸಲು ಒಪ್ಪುತ್ತಿರಲಿಲ್ಲ. ಫೆಬ್ರವರಿಯಲ್ಲಿ ಕೋನನ್ ಒಬ್ರಯನ್ ಅವರ ಟಿವಿ ಕಾರ್ಯಕ್ರಮಕ್ಕೆ ಕರೆ ಬಂತು. ದೇಶಕ್ಕೆಲ್ಲ ಕಾಣುವ ಅವಕಾಶ. ಕಾರ್ಯಕ್ರಮದವರು ಕೇಳಿದ್ದು ಟ್ವೀಡಿಯ ‘ದ ಲಾಂಗ್ ಕಟ್’. ಫರಾರ್‌ಗೆ ಅದೂ ನೋವಾಯಿತು.

ಯಾರದ್ದು ತಪ್ಪು ಅಂತ ಅಭಿಮಾನಿಗಳು ಇವತ್ತಿಗೂ ವಾದ ಮಾಡುತ್ತಾರೆ. ನಾನು ಆ ವಾದಕ್ಕೆ ಹೋಗುವುದಿಲ್ಲ. ಇಬ್ಬರ ಹಾಡೂ ನನಗೆ ಬೇಕು.

ಕೊನೆಯ ಕಾರ್ಯಕ್ರಮ ಹೇಗಿತ್ತು?

ಸೇಂಟ್ ಲೂಯಿಸ್‌ನ ಮಿಸಿಸಿಪಿ ನೈಟ್ಸ್ ಅನ್ನುವ ಜಾಗದಲ್ಲಿ, 1994ರ ಏಪ್ರಿಲ್ 30 ಮತ್ತು ಮೇ 1, ಎರಡು ರಾತ್ರಿ. ಫರಾರ್ ಒಂಬತ್ತು ಹಾಡು, ಟ್ವೀಡಿ ಒಂಬತ್ತು ಹಾಡು, ಅಳೆದು ಹಂಚಿದ ಹಾಗೆ. ಕೊನೆಯಲ್ಲಿ ಜನ ಮತ್ತೆ ಕರೆದಾಗ ಮೈಕ್ ಹೈಡಾರ್ನ್ ವೇದಿಕೆಗೆ ಬಂದು ಡ್ರಮ್ಸ್ ಮುಂದೆ ಕೂತರು. ಶುರು ಮಾಡಿದ ಮೂವರೂ ಒಟ್ಟಿಗೆ ನುಡಿಸಿದ ಕೊನೆಯ ರಾತ್ರಿ ಅದು.

ಆಮೇಲೆ ಅವರೆಲ್ಲ ಏನಾದರು?

ಟ್ವೀಡಿ, ಕೂಮರ್, ಸ್ಟಿರಾಟ್, ಜಾನ್‌ಸ್ಟನ್ ನಾಲ್ವರೂ ಸೇರಿ ‘ವಿಲ್ಕೋ’ ಕಟ್ಟಿದರು. ಫರಾರ್ ಹಳೇ ಗೆಳೆಯ ಹೈಡಾರ್ನ್ ಜತೆ, ಬೋಕ್ವಿಸ್ಟ್ ಸೋದರರನ್ನು ಸೇರಿಸಿಕೊಂಡು ‘ಸನ್ ವೋಲ್ಟ್’ ಕಟ್ಟಿದರು. ಎರಡರ ಮೊದಲ ಆಲ್ಬಂ ಬಂದಿದ್ದೂ 1995ರಲ್ಲೇ. ವಿಲ್ಕೋದ್ದು ‘ಎ.ಎಂ.’, ಸನ್ ವೋಲ್ಟ್‌ನದ್ದು ‘ಟ್ರೇಸ್’. ಆ ವರ್ಷ ಗೆದ್ದದ್ದು ‘ಟ್ರೇಸ್’ ಅಂತಲೇ ನನ್ನ ಅಭಿಪ್ರಾಯ. ಅದರ ಮೊದಲ ಹಾಡು ‘ವಿಂಡ್‌ಫಾಲ್’ ರಾತ್ರಿ ಹೆದ್ದಾರಿಯಲ್ಲಿ ಹೋಗುವವರಿಗೆಂದೇ ಮಾಡಿದ ಹಾಗಿದೆ. ಮುಂದೆ ವಿಲ್ಕೋ ಬೇರೆಯೇ ದಾರಿ ಹಿಡಿದು, 2002ರ ‘ಯಾಂಕಿ ಹೋಟೆಲ್ ಫಾಕ್ಸ್‌ಟ್ರಾಟ್’ ಹೊತ್ತಿಗೆ ಬಹಳ ದೊಡ್ಡ ಬ್ಯಾಂಡ್ ಆಯಿತು.

‘ನೋ ಡಿಪ್ರೆಶನ್’ ಅನ್ನುವ ಪತ್ರಿಕೆಯೂ ಇದೆಯಂತೆ?

ಇದೆ. ಗ್ರಾಂಟ್ ಆಲ್ಡನ್ ಮತ್ತು ಪೀಟರ್ ಬ್ಲ್ಯಾಕ್‌ಸ್ಟಾಕ್ 1995ರಲ್ಲಿ ಸಿಯಾಟಲ್‌ನಲ್ಲಿ ಶುರು ಮಾಡಿದರು. ಹಾಡು ಮತ್ತು ಆಲ್ಬಂನ ಹೆಸರೇ ಪತ್ರಿಕೆಗೆ. ಈ ಬಗೆಯ ಸಂಗೀತಕ್ಕೂ ಜನ ‘ನೋ ಡಿಪ್ರೆಶನ್’ ಅಂತ ಕರೆಯತೊಡಗಿದರು. 2008ರಲ್ಲಿ ಅಚ್ಚು ನಿಂತಿತು, 2015ರಲ್ಲಿ ತ್ರೈಮಾಸಿಕವಾಗಿ ವಾಪಸ್ ಬಂತು.

ಹಾಡುತ್ತಿರುವುದು ಯಾರು ಅಂತ ಗುರುತಿಸುವುದು ಹೇಗೆ?

ಸುಲಭ. ದಪ್ಪ, ತಗ್ಗಿದ, ವಯಸ್ಸಿಗೆ ಮೀರಿದ ದನಿ ಬಂದರೆ ಫರಾರ್. ಇಪ್ಪತ್ತಮೂರರ ಹುಡುಗನಿಗೆ ಅರವತ್ತರ ಗಂಟಲು. ಸ್ವಲ್ಪ ಒರಟು, ತೆಳು, ಮುರಿಯುತ್ತೇನೋ ಅನ್ನುವ ದನಿ ಬಂದರೆ ಟ್ವೀಡಿ. ಇಬ್ಬರೂ ಸೇರಿದಾಗ ಶ್ರುತಿ ಪೂರ್ತಿ ಕೂಡುವುದಿಲ್ಲ, ಒಂದು ಕೂದಲೆಳೆಯಷ್ಟು ಬಿಡುತ್ತದೆ. ಆ ಬಿಡುವಿಗೇ ನಾನು ಸೋತಿದ್ದು.

ಹಳೇ ಆಲ್ಬಂಗಳು ಈಗ ಸಿಗುತ್ತವಾ?

ಸಿಗುತ್ತವೆ. ಮೊದಲ ಮೂರರ ಹಕ್ಕಿಗಾಗಿ ಕೋರ್ಟು ವ್ಯವಹಾರ ನಡೆದು, ಕೊನೆಗೆ ಬ್ಯಾಂಡಿನವರ ಕೈಗೆ ಬಂತು. 2002ರಲ್ಲಿ ‘89/93’ ಅನ್ನುವ ಆಯ್ದ ಹಾಡುಗಳ ಸಂಕಲನ, 2003ರಲ್ಲಿ ಹಳೇ ಆಲ್ಬಂಗಳು ಹೆಚ್ಚುವರಿ ಹಾಡುಗಳ ಜತೆ ಮತ್ತೆ ಬಂದವು. ಈಗ ಆನ್‌ಲೈನಿನಲ್ಲೂ ಕೇಳಬಹುದು.

ಫರಾರ್, ಟ್ವೀಡಿ ಮತ್ತೆ ಒಟ್ಟಿಗೆ ಹಾಡುತ್ತಾರಾ?

ಹಾಡಿಲ್ಲ. ಆದರೆ ಒಂದು ವಿಷಯ ಹೇಳುತ್ತೇನೆ. ವುಡಿ ಗತ್ರಿ ಅಮೆರಿಕದ ಜನರ ಹಾಡುಗಾರ. ಅವರು ತೀರಿಕೊಂಡಾಗ ರಾಗ ಹಾಕದ ಎಷ್ಟೋ ಹಾಡುಗಳು ಕಾಗದದಲ್ಲೇ ಉಳಿದಿದ್ದವು. 1998ರಲ್ಲಿ ಟ್ವೀಡಿ ಮತ್ತು ವಿಲ್ಕೋ, ಬ್ರಿಟಿಷ್ ಹಾಡುಗಾರ ಬಿಲ್ಲಿ ಬ್ರ್ಯಾಗ್ ಜತೆ ಅವುಗಳಲ್ಲಿ ಕೆಲವಕ್ಕೆ ರಾಗ ಹಾಕಿದರು. ಆಲ್ಬಂ ಹೆಸರು ‘ಮರ್ಮೇಡ್ ಅವೆನ್ಯೂ’. 2012ರಲ್ಲಿ ಫರಾರ್ ಬೇರೆ ಮೂವರು ಗೆಳೆಯರ ಜತೆ ‘ನ್ಯೂ ಮಲ್ಟಿಟ್ಯೂಡ್ಸ್’ ಅನ್ನುವ ಆಲ್ಬಂ ತಂದರು. ಅದೂ ವುಡಿ ಗತ್ರಿ ಬಿಟ್ಟುಹೋದ ಸಾಲುಗಳಿಗೇ. ಬೇರೆ ಬೇರೆ ದಾರಿಯಲ್ಲಿ ಹೋಗಿ ಇಬ್ಬರೂ ನೀರು ಸೇದಿದ್ದು ಒಂದೇ ಬಾವಿಯಿಂದ.

ನನಗೆ ಇಂಗ್ಲಿಷ್ ಹಾಡಿನ ಸಾಹಿತ್ಯ ಕಿವಿಗೆ ಸರಿಯಾಗಿ ಬೀಳಲ್ಲ. ಎಲ್ಲಿಂದ ಶುರು ಮಾಡಲಿ?

ಸಾಹಿತ್ಯ ಆಮೇಲೆ ನೋಡಿಕೊಳ್ಳಿ. ನನಗೂ ಫರಾರ್ ಉಚ್ಚಾರ ಹಿಡಿಯಲು ಬಹಳ ದಿನ ಬೇಕಾಯಿತು. ಗಿಟಾರ್ ಅಬ್ಬರ ಇಷ್ಟ ಅಂದರೆ ‘ಗ್ರೇವ್‌ಯಾರ್ಡ್ ಶಿಫ್ಟ್’ನಿಂದ ಶುರು ಮಾಡಿ, ಆಮೇಲೆ ‘ವಿಸ್ಕಿ ಬಾಟಲ್’. ಫಿಡಲ್, ಬ್ಯಾಂಜೊ ಇಷ್ಟ ಅಂದರೆ ನೇರ ‘ನ್ಯೂ ಮ್ಯಾಡ್ರಿಡ್’ಗೆ ಹೋಗಿ.

ಒಂದೇ ಹಾಡು ಕೇಳುವಷ್ಟು ಹೊತ್ತು ಇದ್ದರೆ ‘ಮೂನ್‌ಶೈನರ್’ ಕೇಳಿ, ‘ಮಾರ್ಚ್ 16–20’ ಆಲ್ಬಂನಲ್ಲಿದೆ. ಯಾರು ಕಟ್ಟಿದರೋ ಗೊತ್ತಿಲ್ಲದ ಹಳೇ ಹಾಡು. ಕಳ್ಳಭಟ್ಟಿ ಕಾಯಿಸಿ, ಮಾರಿ, ದುಡ್ಡೆಲ್ಲ ಕುಡಿತಕ್ಕೇ ಹಾಕಿದ ಒಂಟಿ ಮನುಷ್ಯನ ಮಾತು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಫರಾರ್ ಒಂದು ಸಾಲು ಹಾಡಿ, ಮುಂದಿನ ಸಾಲಿಗೆ ಮೊದಲು ತುಸು ತಡೆಯುತ್ತಾರೆ. ಆ ನಡುವೆ ಗಿಟಾರ್ ತಂತಿಯ ಸದ್ದು ಮಾತ್ರ ಇರುತ್ತದೆ.